ಗುಳಿಗೆ ಬಿಡಿಸುವ ಮೊದಲು ಅದರ ಹೆಸರು ಓದಿ

ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಕೂಲಿ ಮುಗಿಸಿ ಬಂದವರ ಅಂಗಿ ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಒಂದು ಪುಡಿಕೆ ಸಿಗುವುದು ಅಪರೂಪವೇನಲ್ಲ. ಹಳೆ ಪೇಪರ್ ತುಂಡಿನಲ್ಲಿ ಮಡಚಿಟ್ಟ ನಾಲ್ಕು ಗುಳಿಗೆ: ಉದ್ದನೆಯ ಬಿಳಿಯದೊಂದು, ಹಳದಿಯದೊಂದು, ಉದ್ದಿನ ಕಾಳಿನಷ್ಟು ಸಣ್ಣದೊಂದು, ಜೊತೆಗೊಂದು ಕ್ಯಾಪ್ಸೂಲ್. ಹೆಸರಿಲ್ಲ, ತಾರೀಖಿಲ್ಲ. “ಮೈಕೈ ನೋವಿಗೆ ಒಂದು ಸೆಟ್ ಕೊಡಿ” ಅಂದರೆ ಚೀಟಿ ಕೇಳದೆ ಕೊಡುವ ಅಂಗಡಿಗಳಿವೆ. ಸಂಜೆ ನುಂಗಿದರೆ ಬೆಳಿಗ್ಗೆ ಮೈ ಹಗುರ, ಮತ್ತೆ ಕೆಲಸಕ್ಕೆ ಹೊರಡಬಹುದು. ಕೆಲವು ತಿಂಗಳಲ್ಲಿ ಒಂದು ಸೆಟ್ ಎರಡಾಗುತ್ತದೆ. ಆಮೇಲೆ ಗುಳಿಗೆ ಬೀಳದೆ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ.

ಮನೆಯವರಿಗೆ ಇದು ಗೊತ್ತಾದ ದಿನ ಸಾಮಾನ್ಯವಾಗಿ ಜಗಳವಾಗುತ್ತದೆ, ಗುಳಿಗೆ ತಿಪ್ಪೆ ಸೇರುತ್ತದೆ, “ಇವತ್ತಿಂದ ಬಂದ್” ಅಂತ ಆಣೆ ಹಾಕಿಸಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನೋವಿನ ಗುಳಿಗೆ ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರೊಳಗೆ ನಾಲ್ಕು ಬೇರೆ ಬೇರೆ ಜಾತಿಯ ಔಷಧಗಳಿವೆ. ಒಂದು ಜಾತಿಯದನ್ನು ಇವತ್ತೇ ನಿಲ್ಲಿಸಬಹುದು. ಎರಡು ಜಾತಿಯವನ್ನು ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ಇನ್ನೊಂದು ಜಾತಿಯದನ್ನು ಬಲವಂತದಿಂದ ಬಿಡಿಸಿದರೆ ಮನುಷ್ಯ ಮೊದಲಿಗಿಂತ ದೊಡ್ಡ ಅಪಾಯದೊಂದಿಗೆ ಅದಕ್ಕೇ ಮರಳುತ್ತಾನೆ. ಆದ್ದರಿಂದ ಮೊದಲ ಕೆಲಸ ಗುಳಿಗೆ ಯಾವುದೆಂದು ತಿಳಿಯುವುದು.

ಎಲ್ಲಾ ಗುಳಿಗೆ ಒಂದು ಕಡೆ ಹರಡಿ

ಹಗಲು ಬೆಳಕಿನಲ್ಲಿ ಬಿಳಿ ಪಂಚೆಯೊಂದನ್ನು ಹಾಸಿ ಮನೆಯಲ್ಲಿರುವ ಗುಳಿಗೆ, ಖಾಲಿ ಶೀಟು, ಟಾನಿಕ್ ಬಾಟಲಿ, ಸೂಜಿಮದ್ದಿನ ಸೀಸೆ, ಸಂತೆಯಲ್ಲಿ ಕೊಂಡ ಪುಡಿ ಎಲ್ಲವನ್ನೂ ಅದರ ಮೇಲಿಡಿ. ದೇವರ ಗೂಡು, ಅಕ್ಕಿ ಡಬ್ಬ, ಬೈಕಿನ ಡಿಕ್ಕಿ, ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ ಚೀಲ ಇವನ್ನೂ ನೋಡಿ. ಆದರೆ ಕದ್ದು ಹುಡುಕಬೇಡಿ. ಕದ್ದು ಹುಡುಕಿದ್ದು ಗೊತ್ತಾದರೆ ಮುಂದೆ ಎಲ್ಲವನ್ನೂ ಮುಚ್ಚಿಡುತ್ತಾರೆ. “ಮಾವ, ಈ ಗುಳಿಗೆ ತಗೋಬ್ಯಾಡಿ ಅಂತ ನಾನು ಹೇಳ್ತಿಲ್ಲ. ಡಾಕ್ಟ್ರಿಗೆ ತೋರ್ಸಕ್ಕೆ ಹೆಸರು ಬರ್ಕೋತೀನಿ, ಎಲ್ಲಾ ಕೊಡ್ರಿ” ಅಂತ ಕೇಳಿದರೆ ಕೊಡುವವರೇ ಹೆಚ್ಚು. ಅವರಿಗೂ ಒಳಗೊಳಗೇ ಹೆದರಿಕೆಯಿರುತ್ತದೆ.

ಶೀಟಿನ ಮೇಲಿನ ದೊಡ್ಡಕ್ಷರ ಕಂಪನಿ ಇಟ್ಟ ಹೆಸರು. ನಿಮಗೆ ಬೇಕಾದ್ದು ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದು. ಹೈಸ್ಕೂಲಿಗೆ ಹೋಗುವ ಮಗು ಮನೆಯಲ್ಲಿದ್ದರೆ ಓದಿಸಿ, ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆಸಿ. ಮೂಲೆಯಲ್ಲಿ ಕೆಂಪಕ್ಷರದ ‘ಆರ್‌ಎಕ್ಸ್’ ಇದ್ದು, ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಬರೆದಿದ್ದರೆ ಅದು ‘ಎಚ್1’ ಪಟ್ಟಿಯ ಔಷಧ, ಅಂದರೆ ಡಾಕ್ಟರ ಚೀಟಿಯಿಲ್ಲದೆ ಮಾರಬಾರದ್ದು. ‘ಎನ್‌ಆರ್‌ಎಕ್ಸ್’ ಅಂತಿದ್ದರೆ ಮಾದಕ ವಸ್ತುಗಳ ಕಾನೂನಿನ ವ್ಯಾಪ್ತಿಗೆ ಬಂದ ಔಷಧ.

ಈಗ ಅವನ್ನು ನಾಲ್ಕು ಗುಡ್ಡೆ ಮಾಡಿ.

ಮೊದಲ ಗುಡ್ಡೆ: ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನಿಮೆಸುಲೈಡ್, ಪಿರಾಕ್ಸಿಕಾಮ್, ಇಂಡೊಮೆಥಾಸಿನ್, ಎಟೋರಿಕಾಕ್ಸಿಬ್. ಇವು ಊತ ಇಳಿಸಿ ನೋವು ಕಡಿಮೆ ಮಾಡುತ್ತವೆ. ನಶೆ ಇಲ್ಲ, ಆದರೆ ಕಿಡ್ನಿ, ಹೊಟ್ಟೆ, ಹೃದಯ ಮೂರಕ್ಕೂ ಪೆಟ್ಟು.

ಎರಡನೆಯದು ಸ್ಟೀರಾಯ್ಡ್: ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್. ಪುಡಿಕೆಯೊಳಗಿನ ಆ ಸಣ್ಣ ಗುಳಿಗೆ ಎಷ್ಟೋ ಸಲ ಇದೇ ಆಗಿರುತ್ತದೆ.

ಮೂರನೆಯದು ಅಫೀಮಿನ ಬಳಗದಂತೆ ಕೆಲಸ ಮಾಡುವವು: ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ಪೆಂಟಜೋಸಿನ್ ಸೂಜಿ, ಬುಪ್ರೆನಾರ್ಫಿನ್. ನಿಜವಾದ ಚಟ ಹಿಡಿಸುವುದು ಈ ಗುಡ್ಡೆ.

ನಾಲ್ಕನೆಯದು ನಿದ್ದೆ ಮತ್ತು ನರದ ಗುಳಿಗೆಗಳು: ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಪ್ರೆಗಾಬಾಲಿನ್, ಕ್ಯಾರಿಸೊಪ್ರೊಡಾಲ್.

ಹೆಸರೇ ಇಲ್ಲದ ಬಿಡಿ ಗುಳಿಗೆಯನ್ನು ಬಣ್ಣ ನೋಡಿ ಗುಡ್ಡೆಗೆ ಸೇರಿಸಬೇಡಿ. ಬೇರೆ ಕವರಿನಲ್ಲಿ ಹಾಕಿ ‘ಹೆಸರಿಲ್ಲ’ ಅಂತ ಬರೆಯಿರಿ. ಅದರಲ್ಲಿ ಸ್ಟೀರಾಯ್ಡ್ ಇದೆ ಎಂದುಕೊಂಡೇ ನಡೆಯುವುದು ಕ್ಷೇಮ. ಊರೂರು ತಿರುಗಿ ಮಾರುವ ಮಂಡಿನೋವಿನ ಪುಡಿಗೂ ಇದೇ ಮಾತು. ಗಿಡಮೂಲಿಕೆ ಅಂತ ಹೇಳಿ ಮಾರಿದ ಪುಡಿ ಎರಡೇ ದಿನದಲ್ಲಿ ಹತ್ತು ವರ್ಷದ ನೋವು ಇಳಿಸಿ, ಹಸಿವನ್ನೂ ಹೆಚ್ಚಿಸಿದರೆ ಅದರೊಳಗೆ ಸ್ಟೀರಾಯ್ಡ್ ಬೆರೆತಿರುವ ಅನುಮಾನ ಇಟ್ಟುಕೊಳ್ಳಿ.

ಒಂದು ವಾರ ಲೆಕ್ಕ ಬರೆಯಿರಿ

ಡಾಕ್ಟರ ಮುಂದೆ ಕೂತಾಗ “ಆಗಾಗ ತಗೊತಾರೆ” ಅನ್ನುವ ಮಾತಿನಿಂದ ಯಾವ ಉಪಯೋಗವೂ ಇಲ್ಲ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಏಳು ದಿನ ಬರೆಯಿರಿ: ಎಷ್ಟು ಗಂಟೆಗೆ, ಯಾವ ಗುಳಿಗೆ, ಎಷ್ಟು, ಯಾಕೆ. ‘ಯಾಕೆ’ ಅನ್ನುವ ಕಲಂ ಬಿಡಬೇಡಿ. ಸೊಂಟ ನೋವು ಅಂತ ತೆಗೆದುಕೊಂಡದ್ದೋ, ಕೆಲಸಕ್ಕೆ ಹೋಗುವ ಮುಂಚೆ ಮುಂಜಾಗ್ರತೆಗೋ, ನಿದ್ದೆ ಬರಲಿ ಅಂತಲೋ, ಕೈ ನಡುಕ ನಿಲ್ಲಲಿ ಅಂತಲೋ. ನೋವೇ ಇಲ್ಲದ ರಜೆಯ ದಿನವೂ ಗುಳಿಗೆ ಬಿದ್ದಿದ್ದರೆ ವಿಷಯ ಬೇರೆಯೇ ಇದೆ. ಕುಡಿತ ಇದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ.

ಅದೇ ಪುಟದಲ್ಲಿ ದುಡ್ಡಿನ ಲೆಕ್ಕವೂ ಇರಲಿ. ದಿನಕ್ಕೆ ಇಪ್ಪತ್ತು ರೂಪಾಯಿಯ ಸೆಟ್ ಎಂದರೆ ತಿಂಗಳಿಗೆ 600, ವರ್ಷಕ್ಕೆ 7,200. ಹೋದ ಸಲ ಒಡವೆ ಅಡವಿಟ್ಟದ್ದು ಎಷ್ಟಕ್ಕೆ ಎಂದು ಮನೆಯವರೇ ಪಕ್ಕದಲ್ಲಿ ಬರೆದು ನೋಡಿಕೊಳ್ಳಲಿ. ಕೆಲವು ಕಡೆ ಕೂಲಿ ಗುಂಪಿನ ಮೇಸ್ತ್ರಿಯೇ ಗುಳಿಗೆ ತಂದು ಹಂಚಿ ವಾರದ ಬಟವಾಡೆಯಲ್ಲಿ ಮುರಿದುಕೊಳ್ಳುವುದುಂಟು. ಅಂಥ ಗುಂಪಿನಲ್ಲಿದ್ದರೆ ಒಬ್ಬರನ್ನು ಬಿಡಿಸಿ ಅದೇ ಗುಂಪಿಗೆ ಮತ್ತೆ ಕಳಿಸಿದರೆ ಹದಿನೈದು ದಿನವೂ ನಿಲ್ಲುವುದಿಲ್ಲ. ಗುಂಪು ಬದಲಿಸುವ ಮಾತನ್ನು ಈಗಲೇ ಆಡಿ.

ಊತದ ಗುಳಿಗೆ: ಇವತ್ತೇ ನಿಲ್ಲಿಸಬಹುದಾದದ್ದು

ಬರೀ ಮೊದಲ ಗುಡ್ಡೆಯ ಗುಳಿಗೆ ಮಾತ್ರ ಇದ್ದರೆ ದಿಢೀರನೆ ನಿಲ್ಲಿಸಿದರೂ ತೊಂದರೆಯಿಲ್ಲ. ನೋವು ಎರಡು ಮೂರು ದಿನ ಕೆರಳುತ್ತದೆ, ಅಷ್ಟೆ. ತಲೆನೋವಿಗಾಗಿ ತಿಂಗಳಲ್ಲಿ ಹದಿನೈದು ದಿನ ಗುಳಿಗೆ ನುಂಗುತ್ತಿದ್ದವರಿಗೆ ಗುಳಿಗೆಯೇ ತಲೆನೋವು ತರಿಸುತ್ತಿರುತ್ತದೆ. ಬಿಟ್ಟ ಮೊದಲ ವಾರ ಕಷ್ಟ, ಆಮೇಲೆ ಇಳಿಯುತ್ತದೆ.

ಇಲ್ಲಿ ಹೆದರಬೇಕಾದ್ದು ಈಗಾಗಲೇ ಆಗಿರಬಹುದಾದ ಹಾನಿಗೆ. ಡೈಕ್ಲೋಫೆನಾಕ್ ದಿನಕ್ಕೆ 150 ಮಿಲಿಗ್ರಾಂ ಮೀರಬಾರದು, ಅಂದರೆ 50ರ ಮೂರು ಗುಳಿಗೆ. ಅಸೆಕ್ಲೋಫೆನಾಕ್ 100ರ ಎರಡು. ಎರಡೂ ಒಂದೇ ಜಾತಿ. ಒಂದು ಅಂಗಡಿಯಲ್ಲಿ ಇದು, ಹಳ್ಳಿಯಲ್ಲಿ ಔಷಧ ಕೊಡುವ ಆರ್‌ಎಂಪಿ ಹತ್ತಿರ ಅದು ಅಂತ ತೆಗೆದುಕೊಂಡರೆ ಮಿತಿ ಮೀರಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನೀರು ಕುಡಿಯದೆ ದುಡಿಯುವಾಗ ಕಿಡ್ನಿಗೆ ರಕ್ತ ಕಡಿಮೆ ಹೋಗುತ್ತದೆ. ಆ ಹೊತ್ತಿನಲ್ಲಿ ಕಿಡ್ನಿಯ ರಕ್ತನಾಳ ಹಿಗ್ಗಿಸಿ ಕಾಯುವ ವಸ್ತುವನ್ನೇ ಈ ಗುಳಿಗೆ ಅಡಗಿಸುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗಿಸುವ ಗುಳಿಗೆ, ಮೇಲೊಂದು ಡೈಕ್ಲೋಫೆನಾಕ್: ಈ ಮೂರೂ ಕೂಡಿದರೆ ಕಿಡ್ನಿ ಕೆಲವೇ ದಿನಗಳಲ್ಲಿ ಕೈಕೊಡಬಹುದು. “ಗ್ಯಾಸ್ ಗುಳಿಗೆ ಜೊತೆಗೆ ತಗೊತೀನಿ, ಏನೂ ಆಗಲ್ಲ” ಅನ್ನುವವರು ಬಹಳ. ಗ್ಯಾಸ್ ಗುಳಿಗೆ ಹೊಟ್ಟೆಯ ಹುಣ್ಣು ತಡೆಯಬಹುದು, ಕಿಡ್ನಿಯನ್ನು ಕಾಯುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಈ ಐದನ್ನು ಹೆಸರು ಹೇಳಿ ಕೇಳಿ: ಬಿಪಿ, ಸಕ್ಕರೆ, ಹಿಮೋಗ್ಲೋಬಿನ್, ರಕ್ತದ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಸಾಮಾನ್ಯವಾಗಿ 0.6ರಿಂದ 1.2ರ ಆಸುಪಾಸಿನಲ್ಲಿರಬೇಕು. ಸಣಕಲು ಮೈಯ ಹೆಂಗಸಿಗೆ 1.2 ಕೂಡ ಹೆಚ್ಚೇ, ಡಾಕ್ಟರನ್ನು ಕೇಳಿ. ಮಲ ಡಾಂಬರಿನಂತೆ ಕಪ್ಪಗಾಗಿದ್ದರೆ, ಮುಖ ಕಾಲು ಊದಿಕೊಂಡಿದ್ದರೆ, ಮೂತ್ರ ತೀರಾ ಕಡಿಮೆಯಾಗಿದ್ದರೆ ಪರೀಕ್ಷೆಯ ದಿನ ಕಾಯಬೇಡಿ, ಆವತ್ತೇ ಹೋಗಿ. ಡಯಾಲಿಸಿಸ್ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ನಿಜ. ಆದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ, ರೋಗಿಯ ಜೊತೆಗೊಬ್ಬರು. ಒಂದು ಮನೆಯ ಎರಡು ಕೂಲಿ ವಾರಕ್ಕೆ ಮೂರು ದಿನ ಹೋಯಿತು. ಅಲ್ಲಿಗೆ ಮುಟ್ಟುವ ಮೊದಲೇ ಹಿಡಿಯಬೇಕೆಂದೇ ಇಷ್ಟು ಒತ್ತಿ ಹೇಳುವುದು.

ಮಳೆಗಾಲದ ಜ್ವರಕ್ಕೆ ಈ ಜಾತಿಯ ಗುಳಿಗೆ ಬೇಡವೇ ಬೇಡ. ಡೆಂಗಿ ಇದ್ದರೆ ರಕ್ತಸ್ರಾವ ಹೆಚ್ಚಿಸುತ್ತದೆ. ಐದು ತಿಂಗಳು ತುಂಬಿದ ಬಸುರಿಯರಿಗೆ ಬೇಡ. ನಿಮೆಸುಲೈಡನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಸರ್ಕಾರ 2011ರಲ್ಲೇ ನಿಷೇಧಿಸಿದೆ.

ಸ್ಟೀರಾಯ್ಡ್ ಮತ್ತು ನಿದ್ದೆ ಗುಳಿಗೆ: ಕೈ ಹಾಕಬೇಡಿ

ಮುಖ ಗುಂಡಗಾಗಿ ಹೊಳೆಯುವುದು, ಕೈಕಾಲು ಸಣ್ಣಗಿದ್ದು ಹೊಟ್ಟೆ ಬರುವುದು, ಸ್ವಲ್ಪ ತಾಗಿದರೂ ಚರ್ಮ ಹೆಪ್ಪುಗಟ್ಟಿದಂತೆ ನೀಲಿಯಾಗುವುದು, ಹೊಸದಾಗಿ ಸಕ್ಕರೆ ಕಾಯಿಲೆ: ಇವು ಸ್ಟೀರಾಯ್ಡಿನ ಗುರುತು. “ದಪ್ಪ ಆಗ್ಯಾನ, ಗುಳಿಗೆ ಮೈಗೆ ಹಿಡಿದೈತೆ” ಅಂತ ಖುಷಿಪಡುವ ಮನೆಯವರನ್ನು ಕಂಡರೆ ಸಂಕಟವಾಗುತ್ತದೆ. ಒಳಗೆ ಮೂಳೆ ಟೊಳ್ಳಾಗುತ್ತಿರುತ್ತದೆ, ಸೊಂಟದ ಕೀಲಿನ ಗುಂಡು ರಕ್ತವಿಲ್ಲದೆ ಸಾಯುತ್ತಿರಬಹುದು.

ಮೂರು ವಾರಕ್ಕಿಂತ ಹೆಚ್ಚು ದಿನ ತೆಗೆದುಕೊಂಡಿದ್ದರೆ ಕಿಡ್ನಿಯ ಮೇಲಿನ ಸಣ್ಣ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ಮೈಗೆ ಬೇಕಾದ ಸ್ಟೀರಾಯ್ಡನ್ನು ಹೊರಗಿನ ಗುಳಿಗೆಯೇ ಕೊಡುತ್ತಿರುತ್ತದೆ. ಅದನ್ನು ಒಮ್ಮೆಲೇ ಕಿತ್ತುಕೊಂಡರೆ ವಾಂತಿ, ವಿಪರೀತ ನಿಶ್ಶಕ್ತಿ, ಬಿಪಿ ಕುಸಿತ, ಕೊನೆಗೆ ಪ್ರಜ್ಞೆ ತಪ್ಪುವುದು. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಡಾಕ್ಟರು ಬರೆದುಕೊಟ್ಟ ಪ್ರಮಾಣದಲ್ಲಿ ಇಳಿಸುತ್ತಾ ಬರಬೇಕು. ‘ಹೆಸರಿಲ್ಲ’ ಅನ್ನುವ ಕವರನ್ನು ಎಸೆಯದೆ ಡಾಕ್ಟರಿಗೆ ತೋರಿಸಬೇಕಾದ್ದು ಇದಕ್ಕೇ.

ನಿದ್ದೆ ಗುಳಿಗೆಯೂ ಹಾಗೆ. ತಿಂಗಳುಗಟ್ಟಲೆ ಆಲ್ಪ್ರಜೋಲಾಮ್ ತೆಗೆದುಕೊಂಡವರು ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು. ಇದನ್ನೂ ಡಾಕ್ಟರೇ ಇಳಿಸಬೇಕು.

ಟ್ರಮಡಾಲ್, ಟಪೆಂಟಡಾಲ್: ಚಟ ಹಿಡಿಸುವ ಗುಡ್ಡೆ

ಟ್ರಮಡಾಲನ್ನು ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಮಾದಕ ವಸ್ತುಗಳ ಕಾನೂನಿನ ಕೆಳಗೆ ತಂದಿತು. ಟಪೆಂಟಡಾಲ್ ಮತ್ತು ಕ್ಯಾರಿಸೊಪ್ರೊಡಾಲ್ ಬೆರೆಸಿದ ಗುಳಿಗೆಗಳು ಪಶ್ಚಿಮ ಆಫ್ರಿಕಾದಲ್ಲಿ ಹಾವಳಿ ಎಬ್ಬಿಸಿದ್ದು ಬೆಳಕಿಗೆ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಅವುಗಳ ರಫ್ತಿಗೂ ತಡೆ ಬಿತ್ತು. ಹೀಗಿದ್ದೂ ಚೀಟಿಯಿಲ್ಲದೆ ಕೈ ಬದಲಾಗುವ ಶೀಟುಗಳಿವೆ. ಬೆನ್ನುನೋವಿಗೆಂದು ಶುರು ಮಾಡಿದ ಹಮಾಲಿ ಅಣ್ಣನೂ, ನಶೆಗೆಂದು ಶುರು ಮಾಡಿದ ಪಿಯುಸಿ ಹುಡುಗನೂ ಕೊನೆಗೆ ಬಂದು ನಿಲ್ಲುವುದು ಒಂದೇ ಜಾಗದಲ್ಲಿ.

ಗುರುತುಗಳು: ಕಣ್ಣಿನ ಕಪ್ಪುಗುಡ್ಡೆಯ ನಡುವಿನ ಚುಕ್ಕೆ ಸೂಜಿಮೊನೆಯಷ್ಟು ಚಿಕ್ಕದಾಗುವುದು, ಕೂತಲ್ಲೇ ತೂಕಡಿಕೆ, ಮೂಗು ತುರಿಸಿಕೊಳ್ಳುವುದು, ನಾಲ್ಕೈದು ದಿನ ಮಲಬದ್ಧತೆ, ಊಟ ಬೇಡವಾಗುವುದು. ಮೊದಲು ಒಂದು ಗುಳಿಗೆಗೆ ಸಿಗುತ್ತಿದ್ದ ಆರಾಮಕ್ಕೆ ಈಗ ನಾಲ್ಕು ಬೇಕಾಗುವುದು. ಟ್ರಮಡಾಲ್ ದಿನಕ್ಕೆ 400 ಮಿಲಿಗ್ರಾಂ ಮೀರಿದರೆ ಫಿಟ್ಸ್ ಬರುವ ಸಂಭವ ಹೆಚ್ಚುತ್ತದೆ. ಹಿಂದೆಂದೂ ಇಲ್ಲದ ಫಿಟ್ಸ್ ಹರೆಯದವರಿಗೆ ಬಂದರೆ ದೆವ್ವ ಬಿಡಿಸಲು ಓಡುವ ಬದಲು ಜೇಬು ನೋಡಿ, ಡಾಕ್ಟರಿಗೆ ನಿಜ ಹೇಳಿ.

ಗುಳಿಗೆ ಅರೆದು ನೀರಿನಲ್ಲಿ ಕರಗಿಸಿ ಸೂಜಿಯಿಂದ ನರಕ್ಕೆ ಏರಿಸಿಕೊಳ್ಳುವವರೂ ಇದ್ದಾರೆ. ಗುಳಿಗೆಯಲ್ಲಿ ಔಷಧದ ಜೊತೆ ಸುಣ್ಣದಂಥ ಪುಡಿ, ಅಂಟು ಇರುತ್ತವೆ. ಅವು ಕರಗುವುದಿಲ್ಲ. ರಕ್ತನಾಳದಲ್ಲಿ ಸಿಕ್ಕಿಕೊಂಡು ಬೆರಳು ಕಪ್ಪಾಗುತ್ತದೆ, ಕೈ ಕೊಳೆಯುತ್ತದೆ. ಒಂದೇ ಸೂಜಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿರುತ್ತದೆ. ಹೆಪಟೈಟಿಸ್ ಸಿ ಈಗ ಗುಳಿಗೆಯಿಂದಲೇ ವಾಸಿಯಾಗುವ ಕಾಯಿಲೆ.

ಬಿಟ್ಟಾಗ ಏನಾಗುತ್ತದೆ ಎಂದು ಮನೆಯವರಿಗೆ ಗೊತ್ತಿರಬೇಕು. ಕೊನೆಯ ಗುಳಿಗೆ ನುಂಗಿ 12ರಿಂದ 24 ಗಂಟೆಯೊಳಗೆ ಆಕಳಿಕೆ ಮೇಲೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು. ನೆಗಡಿ ಅಂದುಕೊಳ್ಳುತ್ತಾರೆ. ಮೈಮೇಲಿನ ಕೂದಲು ನಿಮಿರಿ ಚಳಿ. ಎರಡನೇ ಮೂರನೇ ದಿನ ಜೋರು: ಹೊಟ್ಟೆ ನುಲಿತ, ಭೇದಿ, ವಾಂತಿ, ಕಾಲು ಒಂದು ಕಡೆ ಇಡಲಾಗದ ಒದ್ದಾಟ, ಕಣ್ಣಿಗೆ ಚೂರೂ ನಿದ್ದೆಯಿಲ್ಲ, ಮೂಳೆಯೊಳಗಿಂದ ಬರುವ ನೋವು. ಏಳರಿಂದ ಹತ್ತು ದಿನದಲ್ಲಿ ಮೈ ಹಿಡಿತಕ್ಕೆ ಬರುತ್ತದೆ, ನಿದ್ದೆ ಸರಿಯಾಗಲು ಇನ್ನೂ ಕೆಲವು ವಾರ ಬೇಕು. ಇಲ್ಲೇ ಎಡವುವುದು. ಮೂರನೇ ರಾತ್ರಿ ಅವರು “ನೋಡು, ನನ್ನ ಸೊಂಟನೋವು ವಾಪಸ್ ಬಂತು” ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ನೋಯುತ್ತದೆ. ಆದರೆ ಆ ನೋವಿನ ಬಹುಪಾಲು ಗುಳಿಗೆ ಇಲ್ಲದ್ದಕ್ಕೆ ಮೈ ಮಾಡುವ ರಂಪ. ಇದನ್ನು ಮೊದಲೇ ಹೇಳಿಟ್ಟಿದ್ದರೆ ತಡೆದುಕೊಳ್ಳುವ ಧೈರ್ಯ ಬರುತ್ತದೆ.

ಕೋಣೆಯಲ್ಲಿ ಕೂಡಿಹಾಕುವುದು, ಕಂಬಕ್ಕೆ ಕಟ್ಟುವುದು ಬೇಡ. ಒಂದು, ಅದು ಅಮಾನುಷ. ಎರಡು, ಭೇದಿ ವಾಂತಿಯಿಂದ ನೀರು ಬತ್ತಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಮೂರನೆಯದೇ ದೊಡ್ಡದು: ಹತ್ತು ದಿನ ಬಿಟ್ಟ ಮೈಗೆ ಹಳೆಯ ಪ್ರಮಾಣ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಬಿಡುಗಡೆಯಾದ ದಿನ ಮೊದಲಿನಂತೆ ಎಂಟು ಗುಳಿಗೆ ನುಂಗಿದರೆ ಉಸಿರು ನಿಲ್ಲಬಹುದು. ಬಿಡುವ ಪ್ರಯತ್ನ ಮಾಡಿದವರಿಗೆಲ್ಲ ಈ ಮಾತನ್ನು ಬಾಯಿಬಿಟ್ಟು ಹೇಳಿ.

ಹೋಗಬೇಕಾದ್ದು ಮನೋವೈದ್ಯರ ಹತ್ತಿರ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ತಾಲ್ಲೂಕು ಆಸ್ಪತ್ರೆಗೂ ಬರುತ್ತದೆ. ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೋಗುವ ಮುಂಚೆ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಚಟ ಬಿಡಿಸುವುದಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ನೋಟ್‌ಬುಕ್, ಶೀಟುಗಳು, ಆಧಾರ್, ಬಿಪಿಎಲ್ ಕಾರ್ಡ್, ಹಳೆ ಚೀಟಿಗಳು ಒಂದೇ ಚೀಲದಲ್ಲಿರಲಿ.

ಡಾಕ್ಟರು ಎರಡರಲ್ಲಿ ಒಂದು ದಾರಿ ಹಿಡಿಯಬಹುದು. ಭೇದಿ, ನಿದ್ದೆ, ಚಡಪಡಿಕೆಗೆ ಔಷಧ ಕೊಟ್ಟು ಹತ್ತು ಹದಿನೈದು ದಿನ ದಾಟಿಸುವುದು ಒಂದು. ನಾಲಗೆಯಡಿ ಇಟ್ಟುಕೊಳ್ಳುವ ಬುಪ್ರೆನಾರ್ಫಿನ್ ಗುಳಿಗೆಯನ್ನು ಅವರ ಕಣ್ಗಾವಲಿನಲ್ಲಿ ತಿಂಗಳುಗಟ್ಟಲೆ ಕೊಟ್ಟು ನಿಧಾನಕ್ಕೆ ಇಳಿಸುವುದು ಇನ್ನೊಂದು. “ಒಂದು ಗುಳಿಗೆ ಬಿಡಿಸಿ ಇನ್ನೊಂದು ಹಿಡಿಸಿದರು” ಅಂತ ಊರವರು ಆಡಿಕೊಳ್ಳುತ್ತಾರೆ. ಕಿವಿಗೊಡಬೇಡಿ. ಅದು ಮೈಯ ಹಸಿವನ್ನು ಹಿಡಿತದಲ್ಲಿಟ್ಟು ಕೆಲಸಕ್ಕೆ ಹೋಗುವಂತೆ ಮಾಡುತ್ತದೆ. ಇದೇ ಔಷಧ ಅಂಗಡಿಯಿಂದ ಗುಟ್ಟಾಗಿ ಬಂದರೆ ಚಟದ ಗುಡ್ಡೆಗೆ ಸೇರುತ್ತದೆ, ಡಾಕ್ಟರ ಕೈಯಿಂದ ಬಂದರೆ ಚಿಕಿತ್ಸೆ.

ಊಟದಲ್ಲಿ ಗೊತ್ತಾಗದಂತೆ ಬೆರೆಸುವ ಚಟ ಬಿಡಿಸುವ ಪುಡಿಗೆ ದುಡ್ಡು ಸುರಿಯಬೇಡಿ. ಚಟ ಬಿಡಿಸಲು ಡಾಕ್ಟರು ಬಳಸುವ ನಾಲ್ಟ್ರೆಕ್ಸೋನ್ ಅನ್ನುವ ಔಷಧವನ್ನೂ ಇನ್ನೂ ಟ್ರಮಡಾಲ್ ತೆಗೆದುಕೊಳ್ಳುತ್ತಿರುವವರಿಗೆ ಕೊಟ್ಟರೆ ಬಿಡುವಾಗಿನ ಅಷ್ಟೂ ಯಾತನೆ ಅರ್ಧ ಗಂಟೆಯಲ್ಲಿ ಒಟ್ಟಿಗೇ ಎರಗುತ್ತದೆ. ಖಾಸಗಿ ಕೇಂದ್ರಕ್ಕೆ ಸೇರಿಸುವುದಾದರೆ ಮೂರು ಮಾತು ಕೇಳಿ: ಮಾನಸಿಕ ಆರೋಗ್ಯ ಕಾನೂನಿನಡಿ ನೋಂದಣಿ ಇದೆಯೇ, ಮನೋವೈದ್ಯರು ಯಾವ ದಿನ ಬರುತ್ತಾರೆ, ಮನೆಯವರು ನೋಡಬಹುದೇ. 2017ರ ಆ ಕಾನೂನು ಸರಪಳಿ ಹಾಕುವುದನ್ನು ಎಲ್ಲ ರೀತಿಯಲ್ಲೂ ನಿಷೇಧಿಸಿದೆ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರಿದ್ದಾರೆ. ಸ್ವಂತಕ್ಕೆ ಬಳಸಿದವರು ತಾವಾಗಿಯೇ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಮಾದಕ ವಸ್ತುಗಳ ಕಾನೂನಿನಲ್ಲೇ ಇದೆ. ಮಾರಾಟ ಮಾಡಿದವರಿಗೆ ಅದು ಅನ್ವಯಿಸುವುದಿಲ್ಲ.

ಎಬ್ಬಿಸಿದರೂ ಏಳದಿದ್ದರೆ

ಗೊರಕೆಯಂಥ ಗಡಸು ಉಸಿರು, ತುಟಿ ಉಗುರು ನೀಲಿ, ಎದೆಮೂಳೆಯನ್ನು ಗೆಣ್ಣಿನಿಂದ ಒತ್ತಿ ಉಜ್ಜಿದರೂ ಎಚ್ಚರವಿಲ್ಲ: ತಕ್ಷಣ 108. ಕುಡಿತದ ಮೇಲೆ ಗುಳಿಗೆ ನುಂಗಿದವರಲ್ಲಿ, ನಿದ್ದೆ ಗುಳಿಗೆಯನ್ನೂ ಸೇರಿಸಿಕೊಂಡವರಲ್ಲಿ ಇದು ಹೆಚ್ಚು. ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಮಂಡಿ ಮಡಚಿ, ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ. ಮಜ್ಜಿಗೆ, ನಿಂಬೆರಸ, ಉಪ್ಪುನೀರು ಬಾಯಿಗೆ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. “ಮಲಗಲಿ ಬಿಡು, ಬೆಳಿಗ್ಗೆ ಇಳಿಯುತ್ತೆ” ಅಂತ ಬಿಟ್ಟು ಹೋದ ರಾತ್ರಿಯಲ್ಲೇ ಸಾವು ಬರುವುದು. ಗಡಿಯಾರ ನೋಡಿ ಒಂದು ನಿಮಿಷದ ಉಸಿರು ಎಣಿಸಿ. ಎಂಟಕ್ಕಿಂತ ಕಡಿಮೆ ಇದ್ದರೆ ಅಂಗಾತ ಮಲಗಿಸಿ, ಮೂಗು ಮುಚ್ಚಿ, ಐದು ಸೆಕೆಂಡಿಗೊಮ್ಮೆ ಬಾಯಿಂದ ಬಾಯಿಗೆ ಉಸಿರು ಕೊಡಿ. ಉಸಿರೇ ನಿಂತಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತಬೇಕು, ಹೇಗೆಂದು 108ರವರನ್ನು ಫೋನಿನಲ್ಲೇ ಕೇಳಿ. ಏನು ನುಂಗಿದ್ದಾರೆಂದು ಬಂದವರಿಗೆ ಶೀಟು ತೋರಿಸಿ. ಈ ಜಾತಿಯ ಗುಳಿಗೆಯ ವಿಷ ಇಳಿಸಲು ನಾಲಾಕ್ಸೋನ್ ಎಂಬ ಸೂಜಿಮದ್ದಿದೆ.

ನೋವಿಗೆ ಏನು ಮಾಡುವುದು

ಗುಳಿಗೆ ಬಿಡಿಸಿ ನೋವನ್ನು ಹಾಗೇ ಬಿಟ್ಟರೆ ನೀವು ಮಾಡಿದ್ದೆಲ್ಲ ವ್ಯರ್ಥ. ಮೊದಲು ನೋವಿನ ಮೂಲ. ಸಂಜೆ ಜ್ವರ, ತೂಕ ಇಳಿಯುವುದು, ರಾತ್ರಿ ಹೆಚ್ಚಾಗುವ ಬೆನ್ನುನೋವು ಇದ್ದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಗುಳಿಗೆ ಅದನ್ನು ತಿಂಗಳುಗಟ್ಟಲೆ ಮುಚ್ಚಿಡುತ್ತದೆ. ಕಾಲು ಜೋಮು ಹಿಡಿದು ಮೂತ್ರ ಕಟ್ಟಿದರೆ ಆವತ್ತೇ ಜಿಲ್ಲಾ ಆಸ್ಪತ್ರೆ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ನೀರಿನದು. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ: ಮಂಡಿ ಮಡಚದೆ ನೆಲದ ಮೇಲಿನ ನಾಣ್ಯ ಎತ್ತಲಾಗುತ್ತದೆಯೇ, ಗದ್ದ ಎದೆಗೆ ತಾಗುತ್ತದೆಯೇ, ಎರಡೂ ಕೈ ತಲೆಯ ಹಿಂದೆ ಸೇರುತ್ತವೆಯೇ. ಮೂರೂ ಆಗದೆ, ಹಲ್ಲಿನ ಮೇಲೆ ಕಂದು ಪಟ್ಟೆಯೂ ಇದ್ದರೆ ಡಾಕ್ಟರಿಗೆ ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಮೂಳೆ ಕೀಲು ಬಿಗಿದು ನೋಯುವ ಕಾಯಿಲೆ, ಇರಬಹುದೇ ಎಂದು ಕೇಳಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲಷ್ಟೇ ಅಲ್ಲ, ಅನ್ನ ಸಾರು ಮಾಡಲೂ ಬಳಸಿ. ಅನ್ನ ಬೇಯಿಸುವ ನೀರು ಬೋರಿನದೇ ಆದರೆ ಅರ್ಧ ಲಾಭ ಅಲ್ಲೇ ಹೋಯಿತು.

ಗುಳಿಗೆ ಬೇಕೇ ಬೇಕೆಂದಾಗ ಪ್ಯಾರಾಸಿಟಮಾಲ್ 500. ಒಂದು ಅಥವಾ ಎರಡು, ನಡುವೆ ಆರು ಗಂಟೆ ಬಿಟ್ಟು. ದಿನಕ್ಕೆ ಆರು ಗುಳಿಗೆ ಮೀರಬಾರದು, 50 ಕಿಲೋಗಿಂತ ಕಡಿಮೆ ತೂಗುವವರು ಮತ್ತು ದಿನಾ ಕುಡಿಯುವವರು ನಾಲ್ಕು. ನೆಗಡಿ ಗುಳಿಗೆಯಲ್ಲೂ ಇದೇ ಬೆರೆತಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಾವು ಹೊಸದಾಗಿದ್ದರೆ ಎರಡು ದಿನ ತಣ್ಣೀರು ಬಟ್ಟೆ, ಹಳೆಯ ನೋವಿಗೆ ಹುರಿದ ಉಪ್ಪಿನ ಗಂಟಿನ ಶಾಖ ಹದಿನೈದು ನಿಮಿಷ. ಅಂಗಾತ ಮಲಗಿ ಒಂದೊಂದೇ ಮಂಡಿ ಎದೆಗೆ ತಂದು ಹತ್ತು ಎಣಿಸಿ ಬಿಡಿ, ಬೆಳಿಗ್ಗೆ ಸಂಜೆ ಹತ್ತತ್ತು ಸಲ. ಮಂಡಿನೋವಿಗೆ ಕಟ್ಟೆ ಮೇಲೆ ಕೂತು ಕಾಲು ನೇರ ಚಾಚಿ ಐದು ಎಣಿಸಿ ಇಳಿಸಿ. ಸೂಜಿಯೇ ಬೇಕೆಂಬ ಹಠ ಬಿಡಿಸಿ. ಗುಳಿಗೆಯಲ್ಲಿರುವ ಔಷಧವೇ ಅದರಲ್ಲೂ ಇರುವುದು. ತಪ್ಪು ಜಾಗಕ್ಕೆ ಚುಚ್ಚಿ ಪಾದ ಎತ್ತಲಾಗದೆ ಉಳಿದವರಿದ್ದಾರೆ.

ಕೆಲಸದ ರೀತಿ ಬದಲಾಗದೆ ಸೊಂಟ ಉಳಿಯದು. ಚನ್ನಗಿರಿ, ಭೀಮಸಮುದ್ರದ ಕಡೆ ಅಡಿಕೆ ಸುಲಿಯುವ ಹೆಂಗಸರು ನೆಲದ ಬದಲು ಒಂದು ಗೇಣು ಎತ್ತರದ ಮಣೆ ಮೇಲೆ, ಬೆನ್ನಿಗೆ ಗೋಡೆ ಕೊಟ್ಟು ಕೂರಲಿ, ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡಲಿ. ಮೆಕ್ಕೆಜೋಳದ ಚೀಲ ಎತ್ತುವಾಗ ಇಬ್ಬರು, ಮಂಡಿ ಬಗ್ಗಿಸಿ, ಚೀಲ ಮೈಗೆ ಒತ್ತಿಕೊಂಡು. ಬಿಸಿಲಿಗೆ ಹೋಗುವಾಗ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿದ ಬಾಟಲಿ ಜೊತೆಗಿರಲಿ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ಬರೀ ನೀರು ಕುಡಿಯಲಿ.

ಅಂಗಡಿಯವರ ಹತ್ತಿರ

ಎಚ್1 ಪಟ್ಟಿಯ ಔಷಧ ಮಾರಿದಾಗಲೆಲ್ಲ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇವನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಯಾವ ಗುಳಿಗೆ ಕೊಂಡರೂ ಬಿಲ್ ಕೇಳಿ. ಮೊದಲು ಹೋಗಿ ಸಮಾಧಾನವಾಗಿ ಹೇಳಿ: “ಅಣ್ಣಾ, ನಮ್ಮಪ್ಪಾಜಿಗೆ ಚೀಟಿ ಇಲ್ದೆ ಗುಳಿಗೆ ಕೊಡಬ್ಯಾಡಿ, ಕಿಡ್ನಿ ತೊಂದ್ರೆ ಆಗೈತೆ.” ಎಷ್ಟೋ ಅಂಗಡಿಯವರು ಕೇಳುತ್ತಾರೆ. ಕೇಳದಿದ್ದರೆ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಅರ್ಜಿ ಕೊಡಿ: ಅಂಗಡಿಯ ಹೆಸರು, ತಾರೀಖು, ಗುಳಿಗೆಯ ಹೆಸರು, ಶೀಟಿನ ಫೋಟೋ, ಬಿಲ್ ಕೊಡದ್ದನ್ನೂ ಬರೆಯಿರಿ. ಮನೆಯ ರೋಗಿಯ ಹೆಸರು ಹಾಕಬೇಕಿಲ್ಲ. ಓದಿಲ್ಲದೆ ಸೂಜಿ ಹಾಕುವವರ ಮೇಲಿನ ದೂರು ಜಿಲ್ಲಾ ಆರೋಗ್ಯಾಧಿಕಾರಿಗೆ. ಕ್ಲಿನಿಕ್ಕಿನ ಗೋಡೆಯಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾನೂನಿನ (ಕೆಪಿಎಂಇ) ನೋಂದಣಿ ಪತ್ರ ಇರಬೇಕು, ಇಲ್ಲದ್ದನ್ನು ಅರ್ಜಿಯಲ್ಲಿ ಸೇರಿಸಿ.

ಇನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಾರೀಖು ಗುರುತು ಮಾಡಿ. ಹದಿನೈದನೇ ದಿನ, ಡಾಕ್ಟರಿಗೆ ಮತ್ತೆ ತೋರಿಸಲು. ಮೂರನೇ ತಿಂಗಳು, ಕ್ರಿಯಾಟಿನಿನ್ ಮತ್ತೆ ಮಾಡಿಸಿ ಮೊದಲಿನ ಅಂಕಿಯ ಪಕ್ಕದಲ್ಲಿ ಬರೆಯಲು. ಮೂರನೆಯದು ಮುಂದಿನ ಸುಗ್ಗಿ ಶುರುವಾಗುವ ವಾರ. ಕೂಲಿ ಜೋರಾಗಿ ಪುಡಿಕೆ ಮತ್ತೆ ಜೇಬಿಗೆ ಬರುವುದು ಆ ವಾರದಲ್ಲೇ.